ಮಾಜಿ ಸೈನಿಕರ ನ್ಯಾಯಾಲಯ: ಬಾಗಿಲು ಯಾರಿಗೆ?

ಕಾನೂನಿನ ಕಣ್ಣಿಗೆ ಎಲ್ಲರೂ ಸಮಾನರು ಎಂಬುದು ನಾವೆಲ್ಲ ಒಪ್ಪಿದ ಮಾತು. ಹೀಗಿರುವಾಗ ಸೈನ್ಯದಲ್ಲಿ ದುಡಿದು ಬಂದವರಿಗೆಂದೇ ಬೇರೊಂದು ನ್ಯಾಯಾಲಯವುಂಟು ಎಂದರೆ ಕೆಲವರಿಗಾದರೂ ಆಶ್ಚರ್ಯವಾದೀತು. ಅಮೆರಿಕದಲ್ಲಿ ಇಂಥ ನ್ಯಾಯಾಲಯಗಳು ನೂರಾರು ಇವೆ. ಅವುಗಳ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರ ಪಾಲಿಗೆ ಮುಚ್ಚಿರುತ್ತದೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ನ್ಯಾಯಾಧೀಶ ರಾಬರ್ಟ್ ರಸೆಲ್ ಅವರು 2008ರಲ್ಲಿ ಆರಂಭಿಸಿದ ನ್ಯಾಯಾಲಯವು ಉಳಿದವುಗಳಿಗೆ ಮಾದರಿಯಾಯಿತು. ಇದರ ಕ್ರಮವು ಮಾದಕ ವ್ಯಸನಿಗಳಿಗಾಗಿ 1989ರಲ್ಲಿ ಮಯಾಮಿಯಲ್ಲಿ ಹುಟ್ಟಿದ ನ್ಯಾಯಾಲಯದಿಂದ ಬಂದದ್ದು. ಇಲ್ಲಿ ಆರೋಪಿಯನ್ನು ಸೆರೆಮನೆಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸುತ್ತಾರೆ. ಆದರೆ ಇದು ಸುಲಭದ ಹಾದಿಯಲ್ಲ. ಆತ ತಾನಾಗಿ ಒಪ್ಪಿ ಬರಬೇಕು. ಗೊತ್ತಾದ ದಿನಗಳಲ್ಲಿ ನ್ಯಾಯಾಧೀಶರೆದುರು ನಿಲ್ಲಬೇಕು. ಕುಡಿತ, ಮಾದಕದ್ರವ್ಯಗಳ ಪರೀಕ್ಷೆಗೆ ಒಳಗಾಗಬೇಕು. ಮತ್ತೊಬ್ಬ ಮಾಜಿ ಸೈನಿಕ ಮಾರ್ಗದರ್ಶಿಯಾಗಿ ಅವನ ಜೊತೆಗಿರುತ್ತಾನೆ. ಹೀಗೆ ಒಂದೆರಡು ವರ್ಷ ನಿಷ್ಠೆಯಿಂದ ನಡೆದುಕೊಂಡರೆ ಆರೋಪ ರದ್ದಾಗಬಹುದು, ಇಲ್ಲವೆ ಶಿಕ್ಷೆ ಇಳಿಯಬಹುದು.

ಅರ್ಹತೆಗೆ ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ಆದರೂ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಪರಾಧ ಎಂಥದು? ಸಣ್ಣ ಅಪರಾಧಗಳನ್ನಷ್ಟೇ ಸ್ವೀಕರಿಸುವ ನ್ಯಾಯಾಲಯಗಳಿವೆ. ಹಿಂಸೆಯ ಪ್ರಕರಣಗಳನ್ನು, ಬಲಿಯಾದವರ ಅಭಿಪ್ರಾಯ ಕೇಳಿ, ವಿಚಾರಿಸುವವೂ ಇವೆ. ಎರಡನೆಯದು, ಆ ತಪ್ಪಿಗೂ ಸೈನ್ಯದಲ್ಲಿ ಆದ ಗಾಯಕ್ಕೂ ಸಂಬಂಧವುಂಟೆ? ಮಿದುಳಿನ ಪೆಟ್ಟು, ಆಘಾತದ ನಂತರ ಉಳಿಯುವ ಮನೋವ್ಯಾಧಿ, ವ್ಯಸನ ಇವೆಲ್ಲ ಇಲ್ಲಿ ಗಣನೆಗೆ ಬರುತ್ತವೆ. ಮೂರನೆಯದು, ಸೈನ್ಯದಿಂದ ಬಿಡುಗಡೆಯಾದಾಗ ಕೈಗೆ ಬಂದ ಪತ್ರ ಏನು ಹೇಳುತ್ತದೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ತೊಡಕಿನದು ಈ ಮೂರನೆಯ ಪ್ರಶ್ನೆ. ಬಿಡುಗಡೆಯಲ್ಲಿ ದರ್ಜೆಗಳಿವೆ: ಗೌರವಯುತವಾದದ್ದು ಮೇಲಿನದು, ಅಗೌರವದ್ದು ಕೊನೆಯದು. ಚಿಕಿತ್ಸೆಯ ಹೊಣೆ ಬಹುಮಟ್ಟಿಗೆ ಮಾಜಿ ಸೈನಿಕರ ಇಲಾಖೆಯ ಮೇಲಿರುವುದರಿಂದ, ಅದರ ಸವಲತ್ತಿಗೆ ಅರ್ಹನಲ್ಲದವನನ್ನು ಹಲವು ನ್ಯಾಯಾಲಯಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ರಣರಂಗದಲ್ಲಿ ಮನಸ್ಸು ಕದಡಿದವನೇ ಕುಡಿತಕ್ಕೆ ಬೀಳುವುದುಂಟು, ಅಪ್ಪಣೆ ಮೀರುವುದುಂಟು, ಹೇಳದೆ ಕೇಳದೆ ಗೈರುಹಾಜರಾಗುವುದುಂಟು. ಅದಕ್ಕಾಗಿ ಅವನ ಪತ್ರ ಕೆಡುತ್ತದೆ. ಯಾವ ಗಾಯ ಅವನನ್ನು ಈ ನ್ಯಾಯಾಲಯಕ್ಕೆ ಕರೆತರಬೇಕಿತ್ತೋ ಅದೇ ಅವನನ್ನು ಹೊರಗೆ ನಿಲ್ಲಿಸುತ್ತದೆ! ಅಮೆರಿಕದ ಮನೋವೈದ್ಯರು ಈ ವ್ಯಾಧಿಯನ್ನು ತಮ್ಮ ಅಧಿಕೃತ ಕೈಪಿಡಿಯಲ್ಲಿ ಸೇರಿಸಿದ್ದು 1980ರಲ್ಲಿ. ಅದಕ್ಕೆ ಮೊದಲೇ ವಿಯೆಟ್ನಾಮಿನಿಂದ ಮರಳಿ ಕೆಟ್ಟ ಪತ್ರ ಪಡೆದವರ ಬೇನೆಗೆ ಅಲ್ಲಿಯವರೆಗೆ ಆ ಹೆಸರೂ ಇರಲಿಲ್ಲ.

ಈ ಅನ್ಯಾಯ ಯಾರ ಕಣ್ಣಿಗೂ ಬೀಳಲಿಲ್ಲವೆಂದಲ್ಲ. ಇಂಥವರ ಪತ್ರ ತಿದ್ದುವ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದು 2014ರಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಆದೇಶಿಸಿದರು. ಬೇರೆ ಕಡೆ ಚಿಕಿತ್ಸೆ ಹೊಂದಿಸಿ ಕೆಟ್ಟ ಪತ್ರದವರನ್ನೂ ಸೇರಿಸಿಕೊಳ್ಳುವ ನ್ಯಾಯಾಲಯಗಳೂ ಇವೆ.

ಬಡತನದಿಂದ ನೊಂದು ತಪ್ಪು ಮಾಡಿದವನಿಗಿಲ್ಲದ ಕರುಣೆ ಸೈನಿಕನಿಗೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸೈನಿಕನನ್ನು ಆ ಗಾಯದ ದಾರಿಗೆ ಕಳಿಸಿದ್ದು ಸ್ವತಃ ರಾಜ್ಯ ಎಂಬುದು ಅದಕ್ಕೆ ದೊರೆಯುವ ಉತ್ತರ. ಈ ಉತ್ತರವನ್ನು ಒಪ್ಪುವುದಾದರೆ, ಬಾಗಿಲಲ್ಲಿ ಮೊದಲು ನೋಡಬೇಕಾದದ್ದು ಅವನ ಗಾಯವನ್ನು; ಪತ್ರವನ್ನು ಆಮೇಲೆ ನೋಡಬಹುದು ಎಂದು ನನಗೆ ತೋರುತ್ತದೆ.