ಎರವಲು ಬಂಡಿ, ಪರನಾಡಿನ ಹಾದಿ

ನಮ್ಮ ಬಾಲ್ಯದಲ್ಲಿ ಊರಿನ ಎಲ್ಲ ಮನೆಗಳಲ್ಲಿಯೂ ಚಕ್ಕಡಿ ಇರುತ್ತಿರಲಿಲ್ಲ. ಜಾತ್ರೆಗೋ ಬೀಗರ ಊರಿಗೋ ಹೋಗಬೇಕಾದಾಗ ನೆರೆಯವರ ಚಕ್ಕಡಿಯನ್ನು ಎರವಲು ತರುವುದು ವಾಡಿಕೆಯಾಗಿತ್ತು. ಮರಳಿ ಒಪ್ಪಿಸುವ ಮುನ್ನ ನಮ್ಮ ತಂದೆಯವರು ಗಾಲಿಯ ಕೆಸರು ತೊಳೆಸಿ, ಅಚ್ಚಿಗೆ ಕೀಲೆಣ್ಣೆ ಹಾಕಿಸುತ್ತಿದ್ದರು. ದಾರಿಯಲ್ಲಿ ಏನಾದರೂ ಮುರಿದಿದ್ದರೆ ಅದನ್ನು ತಾವಾಗಿಯೇ ಮೊದಲು ಹೇಳುತ್ತಿದ್ದರು. ಈ ನೆನಪು ಆರು ದಶಕಗಳ ತರುವಾಯ, ಸಾವಿರಾರು ಮೈಲಿಗಳಾಚೆಯ ಸ್ಕಾಟ್ಲೆಂಡಿನಲ್ಲಿ, ಒಂದು ಬಾಡಿಗೆ ಕಾರಿನ ನಿಮಿತ್ತವಾಗಿ ನಮ್ಮನ್ನು ಕಾಡೀತೆಂದು ನಾವು ಎಣಿಸಿರಲಿಲ್ಲ.

2023ರ ಜೂನ್ ತಿಂಗಳಲ್ಲಿ ನಮ್ಮ ತಮ್ಮನ ಮಗ, ಅವನ ಹೆಂಡತಿ ಹಾಗೂ ಎಂಟು ವರ್ಷದ ಮೊಮ್ಮಗಳೊಡನೆ ಆ ನಾಡಿನ ಗುಡ್ಡಗಾಡು ಸೀಮೆಯಾದ ಹೈಲ್ಯಾಂಡ್ಸ್ ನೋಡಲು ಹೋಗಿದ್ದೆವು. ಇಂದು ನಮ್ಮ ಅನೇಕ ಕುಟುಂಬಗಳ ಮಕ್ಕಳು ಹೊರನಾಡುಗಳಲ್ಲಿದ್ದಾರೆ. ಅವರನ್ನು ಕಾಣಲು ಹೋದ ಹಿರಿಯರು ಅಲ್ಲಿಯೇ ಕಾರು ಬಾಡಿಗೆಗೆ ಪಡೆದು ಊರೂರು ಸುತ್ತುವುದೂ ಉಂಟು. ಅಂಥವರಿಗೆ ನಮ್ಮ ಅನುಭವವು ಉಪಯೋಗಕ್ಕೆ ಬರಲೆಂದು ಈ ಬರಹ.

ಸಹಿಗೆ ಮುನ್ನ

ಬ್ರಿಟನ್ನಿನಲ್ಲಿ ವಾಹನಗಳು ನಮ್ಮಲ್ಲಿರುವಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಪ್ರವಾಸಿಯಾಗಿ ಹೋದವರು ಭಾರತದ ಚಾಲ್ತಿಯಲ್ಲಿರುವ ಲೈಸೆನ್ಸಿನಿಂದಲೇ ಹನ್ನೆರಡು ತಿಂಗಳವರೆಗೆ ಅಲ್ಲಿ ಕಾರು ಓಡಿಸಬಹುದು. ಅಮೆರಿಕ, ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಬಲಬದಿಯ ಸಂಚಾರ, ನಿಯಮಗಳೂ ಬೇರೆ. ಆದಕಾರಣ ಹೊರಡುವ ಮೊದಲು ನಮ್ಮ ಆರ್.ಟಿ.ಓ. ಕಚೇರಿಯಿಂದ ಒಂದು ವರ್ಷದ ಅವಧಿಯ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪಡೆದುಕೊಳ್ಳುವುದು ಲೇಸು. ಮೂಲ ಲೈಸೆನ್ಸನ್ನು ಮನೆಯಲ್ಲಿ ಬಿಟ್ಟು ಇದೊಂದನ್ನೇ ಒಯ್ದರೆ ಪ್ರಯೋಜನವಿಲ್ಲ, ಎರಡೂ ಜೊತೆಯಲ್ಲಿರಬೇಕು.

ಬಾಡಿಗೆ ಕಚೇರಿಗಳು ಸಾಮಾನ್ಯವಾಗಿ ಚಾಲಕನ ಹೆಸರಿನಲ್ಲಿಯೇ ಇರುವ ಕ್ರೆಡಿಟ್ ಕಾರ್ಡನ್ನು ಕೇಳುತ್ತವೆ. ಅದರಲ್ಲಿ ಒಂದು ಮೊತ್ತವನ್ನು ಠೇವಣಿಯಾಗಿ ತಡೆಹಿಡಿಯುತ್ತಾರೆ. ವಿಮೆಯುಂಟೆಂದು ಹೇಳಿದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಕಾರಿಗೆ ಹಾನಿಯಾದರೆ ಒಂದು ಮಿತಿಯವರೆಗಿನ ವೆಚ್ಚವನ್ನು ನಾವೇ ಭರಿಸಬೇಕಾಗುತ್ತದೆ. ಟೈರು, ಗಾಜು, ಕಾರಿನ ತಳಭಾಗ ಇವು ಎಷ್ಟೋ ವೇಳೆ ಆ ವಿಮೆಯ ಹೊರಗೇ ಉಳಿದಿರುತ್ತವೆ. ಕರಾರುಪತ್ರದಲ್ಲಿ ಹೆಸರು ಬರೆಸದ ಎರಡನೆಯ ವ್ಯಕ್ತಿ ಕಾರು ಓಡಿಸಿದರೆ ವಿಮೆಯ ರಕ್ಷಣೆಯೇ ತಪ್ಪಿಹೋಗಬಹುದು. ಸಹಿ ಮಾಡುವ ಮೊದಲು ಕಾರನ್ನು ಸುತ್ತು ಹಾಕಿ, ಇರುವ ಗೀರುಗಳನ್ನೆಲ್ಲ ಕಾಗದದಲ್ಲಿ ಬರೆಸಿ, ಫೋಟೋ ತೆಗೆದಿರಿಸಿಕೊಳ್ಳಬೇಕು. ನಮ್ಮ ಸೊಸೆ ಇದನ್ನು ತುಂಬ ಜಾಗ್ರತೆಯಿಂದ ಮಾಡಿದಳು. ಹನ್ನೆರಡು ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರು ಎತ್ತರ ಬೆಳೆಯುವವರೆಗೆ ಮಗುವಿಗೆ ತಕ್ಕ ಆಸನವಿರಬೇಕೆಂಬುದು ಅಲ್ಲಿನ ಕಾನೂನು. ಅದನ್ನೂ ಆಕೆಯೇ ಮುಂಚಿತವಾಗಿ ಕೇಳಿ ತರಿಸಿದ್ದಳು.

ಇಷ್ಟೆಲ್ಲ ಎಚ್ಚರ ವಹಿಸಿದ ನಾವು ಮುಖ್ಯವಾದ ಒಂದು ಸಂಗತಿಯಲ್ಲಿ ಎಡವಿದೆವು.

ನಾವು ನುಂಗಿಕೊಂಡ ಮಾತು

ಬೆಂಗಳೂರು ಬಿಟ್ಟು, ನಡುವೆ ವಿಮಾನ ಬದಲಿಸಿ, ಗ್ಲಾಸ್ಗೊ ನಗರದಲ್ಲಿ ಇಳಿಯುವ ಹೊತ್ತಿಗೆ ಒಂದು ಇಡೀ ರಾತ್ರಿಯ ನಿದ್ರೆ ಕೆಟ್ಟಿತ್ತು. ಹುಡುಗನ ಕಣ್ಣು ಕೆಂಪಾಗಿದ್ದವು. ಅಲ್ಲಿಯೇ ಒಂದು ರಾತ್ರಿ ತಂಗಿ, ಮರುದಿನ ಹೊರಡುವುದು ವಿವೇಕವಾಗಿತ್ತು. ಆದರೆ ಸುಮಾರು 170 ಕಿಲೋಮೀಟರು ದೂರದ ಫೋರ್ಟ್ ವಿಲಿಯಂ ಎಂಬ ಊರಿನಲ್ಲಿ ಕೋಣೆಗೆ ಹಣ ಕಟ್ಟಿಯಾಗಿತ್ತು. ಮೇಲಾಗಿ ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರವರೆಗೂ ಹಗಲು. ಬೆಳಕಿದೆಯೆಂಬ ಧೈರ್ಯದಲ್ಲಿ ದೇಹದ ದಣಿವು ಮರೆತುಹೋಗುತ್ತದೆ.

"ದೊಡ್ಡಪ್ಪಾ, ಮೂರು ತಾಸಿನ ಹಾದಿ ಐತಿ ಅಷ್ಟ. ಹೊತ್ತು ಮುಳುಗೋದ್ರಾಗ ಮುಟ್ಟತೀವಿ ಬರ್ರಿ" ಎಂದನು ಆತ. ಬೇಡವೆನ್ನಬೇಕೆಂದು ಮಾತು ನಾಲಿಗೆಯವರೆಗೆ ಬಂದಿತ್ತು. ದುಡಿಯುವ ಹುಡುಗ, ಅವನ ದುಡ್ಡು, ಅವನ ರಜೆ. ನಡುವೆ ನಾವೇಕೆ ಬಾಯಿ ಹಾಕಬೇಕೆಂದು ಸುಮ್ಮನಾದೆವು.

ಗ್ಲಾಸ್ಗೊದಿಂದ ಉತ್ತರಕ್ಕೆ ಹೋಗುವ ಎ-82 ಎಂಬ ಹೆದ್ದಾರಿ ಲಾಕ್ ಲೋಮಂಡ್ ಸರೋವರದ ದಂಡೆಗುಂಟ ಸಾಗುತ್ತದೆ. ಟಾರ್ಬೆಟ್ ಎಂಬ ಹಳ್ಳಿಯನ್ನು ದಾಟಿದ ಮೇಲೆ ಆ ದಾರಿ ತೀರ ಇಕ್ಕಟ್ಟು. ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ನೀರು. ತಿರುವಿನಲ್ಲಿ ಎದುರಿನಿಂದ ದೊಡ್ಡ ಲಾರಿಯೊಂದು ಬಂದಿತು. ನಿದ್ದೆಗಣ್ಣಿನ ಹುಡುಗ ಬೆಚ್ಚಿ ಕಾರನ್ನು ಎಡಕ್ಕೆ ಎಳೆದನು. ಎಡಗಡೆಯ ಕನ್ನಡಿ ಬಂಡೆಗೆ ತಾಗಿ ಅದರ ಕವಚ ಸೀಳಿಹೋಯಿತು. ಲಾರಿ ಹಾದುಹೋಯಿತು. ಹಿಂದೆ ಮಗು ಅಳತೊಡಗಿತು. ಮುಂದೆ ಸ್ವಲ್ಪ ಅಗಲ ಸಿಕ್ಕಲ್ಲಿ ಕಾರು ನಿಲ್ಲಿಸಿ ಕೆಳಗಿಳಿದಾಗ ಆತನ ಕೈಗಳು ನಡುಗುತ್ತಿದ್ದವು.

ನಾವು ಆತನನ್ನು ಬೈಯಲಿಲ್ಲ. ಬೈಯುವ ಅಧಿಕಾರವನ್ನು ವಿಮಾನ ನಿಲ್ದಾಣದಲ್ಲಿಯೇ ಕಳೆದುಕೊಂಡಿದ್ದೆವು. ನಿದ್ರೆಗೆಟ್ಟ ಕಣ್ಣುಗಳನ್ನು ಕಂಡೂ ಹಿರಿಯರಾದ ನಾವು ಮೌನವಾಗಿದ್ದುದರಿಂದ ಆ ತಪ್ಪಿನಲ್ಲಿ ಅರ್ಧ ಪಾಲು ನಮ್ಮದು. ಆ ರಾತ್ರಿ ದಾರಿಯಲ್ಲಿ ಸಿಕ್ಕ ಮೊದಲ ವಸತಿಗೃಹದಲ್ಲಿ ಉಳಿದೆವು. ಫೋರ್ಟ್ ವಿಲಿಯಮ್ಮಿನ ಕೋಣೆಯ ಹಣ ಹೋಯಿತು. ಹೋದದ್ದು ಹಣವಷ್ಟೇ ಎಂಬ ಸಮಾಧಾನ ಉಳಿಯಿತು.

ದಾರಿ ಬಿಡುವ ಪಾಠ

ಮರುದಿನದಿಂದ ನಾವು ಮುಂದಿನ ಆಸನದಲ್ಲಿ ಕುಳಿತು, ದಾರಿಯ ಫಲಕಗಳನ್ನು ಓದಿ ಹೇಳುವ ಕೆಲಸವನ್ನು ವಹಿಸಿಕೊಂಡೆವು. ಅಲ್ಲಿ ವೇಗದ ಲೆಕ್ಕ ಮೈಲಿಗಳಲ್ಲಿ. ಫಲಕದಲ್ಲಿ 60 ಎಂದರೆ ನಮ್ಮ 96 ಕಿಲೋಮೀಟರು. ಊರೊಳಗೆ ಸಾಮಾನ್ಯವಾಗಿ 30 ಮೈಲಿಯ ಮಿತಿ, ಕೆಲವೆಡೆ 20. ಬಿಳಿಯ ವೃತ್ತಕ್ಕೆ ಅಡ್ಡಲಾಗಿ ಕಪ್ಪು ಗೆರೆಯಿದ್ದರೆ ಕಾರುಗಳಿಗೆ ಒಂಟಿ ಹೆದ್ದಾರಿಯಲ್ಲಿ 60, ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ 70 ಮೈಲಿಯ ಮಿತಿಯೆಂದು ತಿಳಿಯಬೇಕು. ಅದು ಮಿತಿಯೇ ಹೊರತು ಅಷ್ಟು ವೇಗದಲ್ಲಿ ಹೋಗಲೇಬೇಕೆಂಬ ಆಜ್ಞೆಯಲ್ಲ. ವೃತ್ತಗಳಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ ಬಿಡಬೇಕು. ಪೆಟ್ರೋಲ್ ಬಂಕಿನಲ್ಲಿ ಹಸಿರು ಹಿಡಿಕೆ ಪೆಟ್ರೋಲಿಗೆ, ಕಪ್ಪು ಹಿಡಿಕೆ ಡೀಸೆಲ್ಲಿಗೆ; ತುಂಬಿಸಿಕೊಳ್ಳುವವರು ನಾವೇ ಆದ್ದರಿಂದ ಕಣ್ಣಿಟ್ಟು ನೋಡಬೇಕು.

ಸ್ಕೈ ಎಂಬ ದ್ವೀಪಕ್ಕೆ 1995ರಿಂದ ಸೇತುವೆಯಿದೆ. ಆ ದ್ವೀಪದ ಅನೇಕ ರಸ್ತೆಗಳು ಒಂದೇ ಕಾರಿನಷ್ಟು ಅಗಲ. ಅಲ್ಲಲ್ಲಿ ದಾರಿ ಬಿಡಲೆಂದೇ ಬದಿಗೆ ಒಂದಿಷ್ಟು ಜಾಗವನ್ನು ಅಗಲಿಸಿ ಫಲಕ ನೆಟ್ಟಿರುತ್ತಾರೆ. ಆ ಜಾಗ ನಮ್ಮ ಎಡಕ್ಕಿದ್ದರೆ ಒಳಸರಿದು ನಿಲ್ಲಬೇಕು. ಬಲಕ್ಕಿದ್ದರೆ ಅದರ ಎದುರಿಗೆ ನಮ್ಮ ಬದಿಯಲ್ಲಿಯೇ ನಿಂತು, ಎದುರಿನವರು ಅದರೊಳಗೆ ಸರಿದು ದಾಟಲು ಅನುವು ಮಾಡಿಕೊಡಬೇಕು. ಹಿಂದಿನಿಂದ ಅವಸರದವರು ಬಂದರೂ ಹಾಗೆಯೇ ಬಿಟ್ಟುಕೊಡಬೇಕು. ಚೆಲುವು ನೋಡಲೆಂದು ಅಲ್ಲಿ ಕಾರು ನಿಲ್ಲಿಸಿ ಹೋಗುವಂತಿಲ್ಲ. ಕುರಿಗಳಂತೂ ದಾರಿಯ ನಡುವೆಯೇ ಮಲಗಿರುತ್ತವೆ.

ಸ್ಟ್ಯಾಫಿನ್ನಿನಿಂದ ಊಯಿಗ್ ಕಡೆಗೆ ಕ್ವಿರಾಂಗ್ ಗುಡ್ಡವನ್ನೇರುವ ಇಂಥದೇ ದಾರಿಯಲ್ಲಿ ಮುದುಕರೊಬ್ಬರು ನಮ್ಮನ್ನು ಕಂಡು, ತಮ್ಮ ವಾಹನವನ್ನು ಬಹುದೂರ ಹಿಂದಕ್ಕೆ ನಡೆಸಿ ದಾರಿ ಬಿಟ್ಟರು. ಹತ್ತಿರದ ಜಾಗ ನಮ್ಮ ಬೆನ್ನ ಹಿಂದೆಯೇ ಇತ್ತು. ಹಿಂದೆ ಸರಿಯಬೇಕಾದವರು ನಾವು. ಅವರು ಹಾರ್ನ್ ಮಾಡಲಿಲ್ಲ, ಮುಖ ಸಿಂಡರಿಸಲಿಲ್ಲ, ಕೈಯೆತ್ತಿ ನಕ್ಕರು. ಆಮೇಲೆ ಎದುರಿಗೆ ಯಾರೇ ಬಂದರೂ ಹುಡುಗ ತಾನೇ ಮೊದಲು ನಿಲ್ಲತೊಡಗಿದನು. ಕೈಯೆತ್ತಿ ವಂದಿಸುವ ಕೆಲಸವನ್ನು ಮೊಮ್ಮಗಳು ವಹಿಸಿಕೊಂಡಳು.

ಒಪ್ಪಿಸುವ ದಿನ

ಒಂಬತ್ತನೆಯ ದಿನ ನಸುಕಿನಲ್ಲಿ ಗ್ಲಾಸ್ಗೊಗೆ ಮರಳಿದೆವು. ಕಚೇರಿ ಇನ್ನೂ ತೆರೆದಿರಲಿಲ್ಲ. ಕೀಲಿಕೈಯನ್ನು ಪೆಟ್ಟಿಗೆಯಲ್ಲಿ ಹಾಕಿ ಹೋಗಲು ಅವಕಾಶವಿತ್ತು. ಕನ್ನಡಿಯ ಸೀಳು ಹೊರಗಡೆಯದು. ಬೇಗ ಕಣ್ಣಿಗೆ ಬೀಳುವಂತಿರಲಿಲ್ಲ. ಹುಡುಗ ಕೈಯಲ್ಲಿ ಕೀಲಿ ಹಿಡಿದು ನಮ್ಮ ಮುಖ ನೋಡಿದನು. ಈ ಸಲ ನಾವು ಮೌನವಾಗಿರಲಿಲ್ಲ. ನಮ್ಮ ತಂದೆಯವರು ಎರವಲು ಚಕ್ಕಡಿಯನ್ನು ಒಪ್ಪಿಸುತ್ತಿದ್ದ ಬಗೆಯನ್ನು ಹೇಳಿದೆವು. "ವಿಮಾನಕ್ಕ ಇನ್ನೂ ಹೊತ್ತೈತಿ, ಕಾಯೂಣು ದೊಡ್ಡಪ್ಪಾ" ಎಂದು ಆತ ಅಲ್ಲಿಯೇ ಕಟ್ಟೆಯ ಮೇಲೆ ಕುಳಿತನು.

ಬಾಗಿಲು ತೆರೆದ ಮೇಲೆ ಆತನೇ ಒಳಗೆ ಹೋಗಿ ನಡೆದುದನ್ನು ಹೇಳಿ, ಕನ್ನಡಿಯನ್ನು ತೋರಿಸಿದನು. ಅವರು ಬರೆದುಕೊಂಡರು, ಠೇವಣಿಯಲ್ಲಿ ರಿಪೇರಿಯ ಹಣ ಮುರಿದುಕೊಂಡರು. ಅದು ನ್ಯಾಯವೇ ಆಗಿತ್ತು.

ಹೊರನಾಡಿಗೆ ಹೊರಟಿರುವ ತಾಯಿತಂದೆಗಳಿಗೆ ನಾವು ಹೇಳುವುದು ಇಷ್ಟೆ. ಕಾರು ಓಡಿಸುವವರು ಮಕ್ಕಳೇ ಇರಬಹುದು, ಹಣವೂ ಅವರದೇ ಇರಬಹುದು. ಆದರೂ ದಣಿದ ಕಣ್ಣುಗಳನ್ನು ಕಂಡಾಗ 'ಇಂದು ಬೇಡ, ನಾಳೆ ಹೋಗೋಣ' ಎಂದು ಹೇಳಿರಿ. ಆ ಮಾತು ಅವರಿಗೆ ಆ ಗಳಿಗೆಯಲ್ಲಿ ಹಿಡಿಸದೆ ಇರಬಹುದು, ಹಿಡಿಸದಿದ್ದರೂ ಹೇಳಿರಿ.