ಹೂವಿನ ಅಂತರಪಟ

ವೆನಿಲ್ಲಾ ಎಂದೊಡನೆ ನಾಲಗೆ ನೆನೆಯುವುದು ಐಸ್‌ಕ್ರೀಮನ್ನು. ಅದೊಂದು ಬಳ್ಳಿಯೆಂಬುದು, ನಮ್ಮ ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯಂತೆ ಆರ್ಕಿಡ್ ಕುಲಕ್ಕೆ ಸೇರಿದುದೆಂಬುದು ಹಲವರಿಗೆ ತಿಳಿಯದು.

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತೇವಭರಿತ ಕಾಡುಗಳು ಇದರ ತೌರು. ನೆಲದಲ್ಲಿ ಬೇರೂರಿದ ಬಳ್ಳಿಯು ಗೆಣ್ಣುಗೆಣ್ಣಿನಲ್ಲಿ ಎಲೆಗೆದುರಾಗಿ ಹೊಮ್ಮುವ ಬಿಳಲುಗಳಿಂದ ಮರವನ್ನು ತಬ್ಬಿ ಮೇಲೇರುತ್ತದೆ. ಬದನಿಕೆಯಂತೆ ಮರದ ರಸವನ್ನು ಹೀರುವುದಿಲ್ಲ. ಅದಕ್ಕೆ ಬೇಕಾದುದು ಆಸರೆ, ಚೆದುರಿದ ನೆರಳು, ತೊಗಟೆಯ ಮೇಲಿನ ಒಂದಿಷ್ಟು ತೇವ. ಬುಡ ಕಡಿದುಹೋದರೂ ಬಿಳಲುಗಳ ಬಲದಿಂದಲೇ ಬದುಕಬಲ್ಲುದು.

ಇಂಥ ಗಟ್ಟಿಜೀವದ ಬಳ್ಳಿಯ ಹೂವಾದರೋ ಅಲ್ಪಾಯು. ಹಸುರು ಬೆರೆತ ಹಳದಿಯ ಆ ಹೂ ಮುಂಜಾನೆ ಅರಳಿ, ಮಧ್ಯಾಹ್ನದ ಹೊತ್ತಿಗೆ ಬಾಡತೊಡಗುತ್ತದೆ. ಗಂಡುಭಾಗವೂ ಹೆಣ್ಣುಭಾಗವೂ ಒಂದೇ ಕಂಬದ ಮೇಲೆ ನೆರೆಹೊರೆಯಲ್ಲಿವೆ. ಆದರೆ ನಡುವೆ ತೆಳುವಾದೊಂದು ಪೊರೆ, ಮದುವೆಮನೆಯ ಅಂತರಪಟದಂತೆ. ಆ ಪಟವನ್ನು ಸರಿಸುವ ಪುರೋಹಿತನಾರು? ಮೆಲಿಪೋನ ಎಂಬ ಮುಳ್ಳಿಲ್ಲದ ಜೇನೆಂದು ಪುಸ್ತಕಗಳು ಬಹುಕಾಲ ಹೇಳಿದವು. ಈಗಿನ ವಿದ್ವಾಂಸರು ಅದನ್ನು ಸಂದೇಹಿಸಿ, ಲೋಹದ ಹೊಳಪಿನ ಯೂಗ್ಲೋಸ ದುಂಬಿಗಳತ್ತ ಬೆರಳು ತೋರುತ್ತಾರೆ. ತೌರಿನಲ್ಲೇ ತಾನಾಗಿ ಕಾಯಿಕಟ್ಟುವ ಹೂಗಳು ತೀರ ವಿರಳ.

ಬಳ್ಳಿ ಕಡಲು ದಾಟಿತು, ದುಂಬಿ ದಾಟಲಿಲ್ಲ. ಯೂರೋಪಿನ ಗಾಜಿನ ಮನೆಗಳಲ್ಲೂ ಫ್ರೆಂಚರ ದ್ವೀಪಗಳಲ್ಲೂ ಅದು ಹಬ್ಬಿತು, ಕಾಯಿ ಮಾತ್ರ ಬಿಡಲೊಲ್ಲದು. 1836ರಲ್ಲಿ ಬೆಲ್ಜಿಯಂನ ಲಿಯೇಜಿನಲ್ಲಿ ಚಾರ್ಲ್ಸ್ ಮೊರೆನ್ ಎಂಬ ವಿಜ್ಞಾನಿ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಕಾಯಿ ಪಡೆದನಾದರೂ ಅವನ ವಿಧಾನ ತೋಟಗಳಿಗಿಳಿಯಲಿಲ್ಲ. ತೋಟಗಳಿಗಿಳಿದುದು ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರುಷದ ಗುಲಾಮ ಹುಡುಗನು 1841ರಲ್ಲಿ ಕಂಡುಕೊಂಡ ಉಪಾಯ: ಸಣ್ಣ ಕಡ್ಡಿಯಿಂದ ಪೊರೆಯನ್ನೆತ್ತುವುದು, ಹೆಬ್ಬೆರಳಿನಿಂದ ಪರಾಗದ ಮುದ್ದೆಯನ್ನು ಒತ್ತುವುದು. ಅಷ್ಟೇ! ಮಡಗಾಸ್ಕರಿನ ಅಪಾರ ಬೆಳೆ ಇಂದಿಗೂ ಆ ಒಂದು ಒತ್ತಿನ ಫಲ.

ಹುಡುಗನಿಗೆ ತಾನೇ ಇದನ್ನು ಕಲಿಸಿದೆನೆಂದು ರಿಷಾರ್ ಎಂಬ ಸಸ್ಯಶಾಸ್ತ್ರಜ್ಞನು ಹಕ್ಕು ಹೂಡಿದ. ಗುಲಾಮನೊಬ್ಬ ಸ್ವಂತ ಬುದ್ಧಿಯಿಂದ ಹೂವಿನ ಮರ್ಮವನ್ನರಿತನೆಂದರೆ ಆ ಕಾಲಕ್ಕೆ ನುಂಗಲಾಗದ ಮಾತಾಗಿದ್ದಿರಬೇಕು. ಒಡೆಯನಾಗಿದ್ದ ಬೆಲಿಯೇ-ಬೋಮೋನ್ ಹುಡುಗನ ಪರವಾಗಿಯೇ ಪತ್ರ ಬರೆದನೆಂಬುದನ್ನು ಇಲ್ಲಿ ಹೇಳದಿದ್ದರೆ ನ್ಯಾಯವಾಗದು. 1848ರಲ್ಲಿ ಗುಲಾಮಗಿರಿ ರದ್ದಾದಾಗ ಎಡ್ಮಂಡನಿಗೆ ಆಲ್ಬಿಯಸ್ ಎಂಬ ಮನೆತನದ ಹೆಸರು ಸಿಕ್ಕಿತು. ವೆನಿಲ್ಲಾದಿಂದ ತೋಟದ ಒಡೆಯರು ಸಿರಿವಂತರಾದರು; ಆತನು 1880ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ನಮ್ಮ ಅಡಿಕೆ ತೋಟಗಳಿಗೂ ಈ ವಿದ್ಯೆ ಬಂದಿತು. 2003ರ ಸುಮಾರಿಗೆ ಬೆಲೆ ಗಗನಕ್ಕೇರಿದಾಗ ಬಳ್ಳಿಗಳಿಗೆ ಇರುಳ ಕಾವಲು ನಿಂತಿತು. ಬಹುಬೇಗ ಬೆಲೆ ಕುಸಿದು ಎಷ್ಟೋ ಬಳ್ಳಿಗಳು ಆರೈಕೆಯಿಲ್ಲದೆ ಉಳಿದವು. ಅಂಥದೊಂದು ತೋಟದಲ್ಲಿ, ಬಿಸಿಲೇರುವ ಮೊದಲೇ ಹೂವಿನಿಂದ ಹೂವಿಗೆ ಸಾಗುತ್ತಿದ್ದ ಹೆಂಗಸರ ಕೈಚಳಕವನ್ನು ನಾನು ನಿಂತು ನೋಡಿದ್ದೇನೆ. ಎಡ್ಮಂಡನ ಹೆಸರನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ತೋಟದ ಬಳ್ಳಿಗಳೆಲ್ಲ ತುಂಡಿನಿಂದ ತುಂಡಾಗಿ ಬೆಳೆದವು, ಬೀಜದಿಂದಲ್ಲ. ಆದುದರಿಂದ ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲೀತು. ಅದನ್ನು ತಾಳುವ ಕಸುವು ಇರಬಹುದಾದುದು ಕಾಡಿನ ಮೂಲ ಬಳ್ಳಿಗಳಲ್ಲಿ. ಅವೋ, ಕಾಡು ಕರಗಿದಂತೆ ತಾವೂ ಕರಗಿ, ಅಳಿವಿನಂಚಿನ ಸಸ್ಯಗಳ ಪಟ್ಟಿಯನ್ನು ಸೇರಿವೆ.