ಗಪ್ಪಿಯ ಹೊಟ್ಟೆಯಲ್ಲಿ ಬಾಡಿಗೆ ಕೊಡದ ಕೆಂಪು ಹುಳು

ಗಪ್ಪಿ ಮೀನು ಒಂದರೆಗಳಿಗೆ ಈಜು ನಿಲ್ಲಿಸಲಿ ಎಂದು ಕಾಯಬೇಕು. ಟ್ಯಾಂಕಿನ ಗಾಜಿಗೆ ಮೂಗು ತಾಗಿಸಿ, ಉಸಿರು ಬಿಗಿಹಿಡಿದು ಕಾಯಬೇಕು. ಗಿಡದ ಮರೆಗೆ ಬಂದು ಮೀನು ತಟಸ್ಥವಾಗಿ ನಿಂತಿತೋ, ಅದರ ಗುದದ್ವಾರದಿಂದ ಎರಡೋ ಮೂರೋ ಕೆಂಪು ಎಳೆಗಳು ಮೆಲ್ಲಗೆ ಹೊರಗೆ ಇಣುಕುತ್ತವೆ. ಉದ್ದ ಕೆಲವೇ ಮಿಲಿಮೀಟರ್. ಅರೆ, ಅಲುಗಾಡುತ್ತಿವೆ! ಒಂದು ಎಡಕ್ಕೆ ಬಾಗುತ್ತದೆ, ಇನ್ನೊಂದು ಬಲಕ್ಕೆ. ಮೀನು ಬಾಲ ಬೀಸಿ ಹೊರಟ ಕೂಡಲೇ ಸರಕ್ಕನೆ ಒಳಗೆ ಮಾಯ. ಮಲವಿರಬೇಕು ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಆದರೆ ಹೊರಗೆ ಬಂದ ಮಲ ಮತ್ತೆ ಒಳಗೆ ಹೋಗುವುದನ್ನು ಯಾರಾದರೂ ಕಂಡದ್ದುಂಟೇ?

ಇದು ಕ್ಯಾಮಲ್ಲಾನಸ್ ಕೊಟ್ಟಿ. 1927ರಲ್ಲಿ ಜಪಾನಿನ ವಿಜ್ಞಾನಿ ಫುಜಿಟ ಮೊದಲು ವರ್ಣಿಸಿದ ದುಂಡುಹುಳು. ಸೂಕ್ಷ್ಮದರ್ಶಕದ ಕೆಳಗೆ ಇದರ ತಲೆಯನ್ನು ನೋಡಬೇಕು, ಆಗ ಗೊತ್ತಾಗುತ್ತದೆ ನಿಸರ್ಗದ ಕುಸುರಿ. ಕಪ್ಪೆಚಿಪ್ಪಿನ ಎರಡು ಹೋಳುಗಳಂಥ ಗಟ್ಟಿ ಬಾಯಿ, ಅದರ ಒಳಗೋಡೆಯುದ್ದಕ್ಕೂ ಸಾಲು ಸಾಲು ಏಣುಗಳು. ಕರುಳಿನ ಒಳಪದರವನ್ನೇ ಬಾಯೊಳಕ್ಕೆ ಎಳೆದುಕೊಂಡು ಕಚ್ಚಿ ಕೂರುತ್ತದೆ. ಒಮ್ಮೆ ಕಚ್ಚಿತೆಂದರೆ ಮೀನು ಎಷ್ಟೇ ಜಾಡಿಸಿದರೂ ಬಿಡುವ ಆಸಾಮಿಯಲ್ಲ. ಕುಡಿಯುವುದು ರಕ್ತ. ನಮಗೆ ಕಾಣುವ ಆ ಕೆಂಪು ಹುಳುವಿನದ್ದಲ್ಲ, ಮೀನಿನದ್ದು!

ಹಾಗಾದರೆ ಹೊರಗೆ ಇಣುಕುವುದೇಕೆ? ಹೆರಿಗೆಗೆ. ಹೆಣ್ಣು ಹುಳು ಮೊಟ್ಟೆಯಿಡುವುದಿಲ್ಲ, ಜೀವಂತ ಮರಿಗಳನ್ನೇ ನೀರಿಗೆ ಬಿಡುತ್ತದೆ. ಗಪ್ಪಿಯೂ ಮರಿ ಹಾಕುವ ಮೀನೇ. ಒಂದೇ ಟ್ಯಾಂಕಿನಲ್ಲಿ, ಒಂದೇ ಮೈಯಲ್ಲಿ ಎರಡೆರಡು ಬಾಣಂತನ!

ಇಲ್ಲಿಂದ ಮುಂದಿನದ್ದೇ ನನ್ನನ್ನು ಬೆಕ್ಕಸ ಬೆರಗಾಗಿಸಿದ್ದು. ಆ ಮರಿಗಳು ತಳಕ್ಕಿಳಿದು ಒದ್ದಾಡುತ್ತಿರುತ್ತವೆ. ಆ ಒದ್ದಾಟದ ಸುಳಿವು ಹಿಡಿದು ಸೈಕ್ಲಾಪ್ಸ್ ಎಂಬ ಒಕ್ಕಣ್ಣಿನ ನೀರ್ಚಿಗಟ ಬಂದು ನುಂಗುತ್ತದೆ. ಅದರ ಮೈಯೊಳಗೆ ಮರಿ ಎರಡು ಸಲ ಪೊರೆ ಕಳಚಿ ಬಲಿಯುತ್ತದೆ. ಆ ಸೈಕ್ಲಾಪ್ಸನ್ನು ಮೀನು ತಿಂದರೆ ಹುಳು ಊರು ಸೇರಿದಂತೆ. ಈ ಕತೆಯನ್ನು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತೇ? ಉತ್ತರ ಕರ್ನಾಟಕದ ಹಿರಿಯರನ್ನು ಕೇಳಿ. ನಾರುಹುಣ್ಣು! ಮೆಟ್ಟಿಲು ಬಾವಿಗಿಳಿದು ನೀರು ಕುಡಿದವರ ಕಾಲಿನಿಂದ ವರ್ಷದ ಬಳಿಕ ಗಜದಷ್ಟು ಉದ್ದದ ಬಿಳಿ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ, ದಿನಕ್ಕಿಷ್ಟು ಎಂದು ಎಳೆಯುತ್ತಿದ್ದರು. ಅಲ್ಲಿಯೂ ನಡುವಿನ ದಲ್ಲಾಳಿ ಇದೇ ಸೈಕ್ಲಾಪ್ಸ್. ಅಲ್ಲಿಯೂ ತಾಯಿಹುಳು ನೀರಿಗೆ ಜೀವಂತ ಮರಿ ಬಿಡುತ್ತಿತ್ತು. ಗಪ್ಪಿಯ ಹಿಂಬದಿಯಲ್ಲಿ ತೂಗುವ ಕೆಂಪು ಎಳೆ ಆ ನಾರುಹುಳುವಿನ ದಾಯಾದಿ!

ನಾರುಹುಣ್ಣಿಗೆ ಮದ್ದೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಇವತ್ತಿಗೂ ಇಲ್ಲ. ಬಟ್ಟೆಯಲ್ಲಿ ನೀರು ಸೋಸಿ, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿಸಿ, ಸೈಕ್ಲಾಪ್ಸ್ ಸಾಯುವಂತೆ ನೀರಿಗೆ ಔಷಧಿ ಹಾಕಿ ಅದನ್ನು ಓಡಿಸಿದರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶ ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ದಲ್ಲಾಳಿಯನ್ನು ದಾರಿಯಿಂದ ಸರಿಸಿದ್ದೇ ತಡ, ಇಲ್ಲಿ ಹುಳುವಿನ ವಂಶವೇ ನಿಂತಿತು.

ಸರಿ, ಟ್ಯಾಂಕಿನಲ್ಲೂ ಅದೇ ಉಪಾಯ ಮಾಡಿದರಾಯಿತಲ್ಲ? ನಲ್ಲಿ ನೀರು, ಒಣ ತಿಂಡಿ, ಸೈಕ್ಲಾಪ್ಸಿನ ಸುಳಿವೂ ಇಲ್ಲದ ಗಾಜಿನ ಪೆಟ್ಟಿಗೆ. ಹುಳು ತಾನಾಗಿ ಅಳಿಯಬೇಕು. ಅಳಿಯುವುದಿಲ್ಲ! ತಿಂಗಳುಗಟ್ಟಲೆ ಮೀನಿಂದ ಮೀನಿಗೆ ಹಬ್ಬುತ್ತಲೇ ಇರುತ್ತದೆ. ನಾರ್ವೆಯ ಆರ್ನೆ ಲೆವ್ಸೆನ್ ಮತ್ತು ಪರ್ ಯಾಕೊಬ್ಸೆನ್ ಈ ಒಗಟಿನ ಬೆನ್ನು ಹತ್ತಿ 2002ರಲ್ಲಿ ಬರೆದದ್ದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ. ಸೈಕ್ಲಾಪ್ಸ್ ಸಿಗದಿದ್ದರೆ ಈ ಹುಳುವಿನ ಮರಿ ನೇರವಾಗಿ ಮೀನಿನ ಬಾಯಿಗೇ ಬಿದ್ದು ಬೆಳೆಯಬಲ್ಲದು. ದಲ್ಲಾಳಿಯನ್ನು ಕೈಬಿಟ್ಟು ನೇರ ವ್ಯಾಪಾರಕ್ಕಿಳಿಯುವ ಜೀವಿ ಇದು. ಎಷ್ಟೋ ಕಾಲದ ಬದುಕಿನ ಕ್ರಮವನ್ನು ಎರಡಡಿ ಗಾಜಿನ ಡಬ್ಬಿಯ ಒತ್ತಡಕ್ಕೆ ಬದಲಿಸಿಕೊಳ್ಳುವುದೆಂದರೇನು ಸಾಮಾನ್ಯವೇ!

ಪೂರ್ವ ಏಷ್ಯಾದ ಈ ಹುಳು ಹವಾಯಿ ದ್ವೀಪಗಳನ್ನೂ ತಲುಪಿದೆ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಗಪ್ಪಿಯಂಥ ಮೀನುಗಳನ್ನು ಅಲ್ಲಿಯ ತೊರೆಗಳಿಗೆ ಬಿಟ್ಟರು, ಅವುಗಳ ಹೊಟ್ಟೆಯಲ್ಲಿ ಹುಳುವೂ ಹೋಯಿತು. (ನಮ್ಮ ಕೋಲಾರದ ಹಳ್ಳಿಬಾವಿಗಳಿಗೂ ಮಲೇರಿಯಾ ತಗ್ಗಿಸಲು ಗಪ್ಪಿ ಬಿಟ್ಟದ್ದುಂಟು, ಅದು ಬೇರೆಯೇ ಕತೆ.) ಹವಾಯಿಯಲ್ಲಿ ಜಲಪಾತದ ಬಂಡೆಯನ್ನೇ ಹತ್ತಿ ಮೇಲೇರುವ ಗೋಬಿ ಮೀನುಗಳಿವೆ. ಈಗ ಅವುಗಳ ಕರುಳಲ್ಲೂ ಕ್ಯಾಮಲ್ಲಾನಸ್ ಕುಳಿತಿದೆ.

ಇಷ್ಟು ಗಟ್ಟಿ ಪಿಂಡಕ್ಕೆ ಮದ್ದೇನು? ಕುರಿ ಮೇಕೆಗಳಿಗೆ ಕುಡಿಸುವ ಜಂತುಹುಳದ ಔಷಧಿ, ಲೆವಮಿಸೋಲ್! ಬೆಲ್ಜಿಯಂನ ಪೌಲ್ ಜಾನ್ಸೆನ್ ಅವರ ಪ್ರಯೋಗಶಾಲೆಯಲ್ಲಿ 1960ರ ದಶಕದಲ್ಲಿ ಹುಟ್ಟಿದ್ದು. ಮೊದಲು ಬಂದದ್ದು ಟೆಟ್ರಮಿಸೋಲ್. ಅದರ ಅಣುವಿಗೆ ಕನ್ನಡಿಯ ಬಿಂಬದ ಹಾಗೆ ಎಡ ಬಲ ಎಂಬ ಎರಡು ರೂಪ. ಹುಳುವಿನ ಮೇಲೆ ಕೆಲಸವೆಲ್ಲ ಎಡದ್ದೇ, ಆ ಎಡದ್ದೇ ಲೆವಮಿಸೋಲ್. ಇನ್ನು ಇದರ ಕೆಲಸದ ಪರಿ ಕೇಳಿ: ಇದು ಹುಳುವನ್ನು ಕೊಲ್ಲುವುದೇ ಇಲ್ಲ! ಹುಳುವಿನ ಸ್ನಾಯುವಿಗೆ ‘ಬಿಗಿ’ ಎಂದು ನರ ಕಳಿಸುವ ಸಂದೇಶದ ವೇಷ ಹಾಕಿ ಹೋಗಿ, ಅದೇ ಬಾಗಿಲು ತಟ್ಟಿ, ಬಿಡದೆ ತಟ್ಟುತ್ತಲೇ ಇರುತ್ತದೆ. ಬಿಗಿ, ಬಿಗಿ, ಬಿಗಿ! ಹುಳು ಸೆಟೆದು ನಿಲ್ಲುತ್ತದೆ. ಸೆಟೆದ ಬಾಯಿಗೆ ಕರುಳನ್ನು ಹಿಡಿದಿರಲಾಗದು. ಮಿಕ್ಕ ಕೆಲಸ ಮೀನಿನ ಕರುಳಿನದ್ದು, ದಿನವೂ ಮಲ ನೂಕುವ ಹಾಗೆಯೇ ಇದನ್ನೂ ಹೊರಗೆ ನೂಕುತ್ತದೆ.

ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ ಲೆವಮಿಸೋಲ್ ಹೈಡ್ರೋಕ್ಲೋರೈಡ್. 50 ಲೀಟರ್ ನೀರಿಗೆ 100 ಮಿಲಿಗ್ರಾಂ, ಅಂದರೆ ಉಗುರ ತುದಿಯಲ್ಲಿ ನಿಲ್ಲುವ ಪುಡಿ. ಅಂದಾಜಿನಲ್ಲಿ ಸುರಿಯುವ ಮಾತೇ ಬೇಡ, ಸೂಕ್ಷ್ಮ ತಕ್ಕಡಿ ಬೇಕು. ಬೆಳಕು ತಾಗಿದರೆ ಔಷಧಿ ಕೆಡುತ್ತದೆಂದು ದೀಪ ಆರಿಸಿ, ಟ್ಯಾಂಕಿಗೆ ಬಟ್ಟೆ ಹೊದಿಸಿ, ಇದ್ದಿಲ ಫಿಲ್ಟರು ತೆಗೆದಿಟ್ಟು, 24 ಗಂಟೆ ಬಿಡಬೇಕು. ಮರುದಿನ ಬಟ್ಟೆ ಸರಿಸಿ ಟಾರ್ಚ್ ಹಿಡಿದರೆ ಜಲ್ಲಿಯ ಮೇಲೆ ಕೆಂಪು ಎಳೆಗಳು ಚೆಲ್ಲಿರುತ್ತವೆ. ನಿನ್ನೆಯವರೆಗೆ ಯಾವ ಶಕ್ತಿಯೂ ಬಿಡಿಸಲಾರದೆ ಹೋದ ಹಿಡಿತ ಅದು!

ಸಂಭ್ರಮ ಪಡುತ್ತ ನಿಲ್ಲಬೇಡಿ. ಬಿದ್ದವು ಸತ್ತಿಲ್ಲ. ಹೆಣ್ಣಿನ ಮೈಯೊಳಗೆ ಮರಿಗಳು ತುಂಬಿವೆ, ಹಸಿದ ಗಪ್ಪಿ ಕೆಳಗೆ ಬಿದ್ದದ್ದನ್ನು ಹೆಕ್ಕದೆ ಬಿಡುವ ಪೈಕಿಯಲ್ಲ. ಸೈಫನ್ ಕೊಳವೆ ಇಟ್ಟು ತಳವನ್ನೆಲ್ಲ ಎಳೆದು, ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಬೇಕು. ಎರಡು ಮೂರು ವಾರ ಬಿಟ್ಟು ಮತ್ತೊಂದು ಸುತ್ತು, ಅಷ್ಟರೊಳಗೆ ಮೀನಿನ ಬಾಯಿ ಸೇರಿದ ಹೊಸ ಮರಿಗಳಿಗೆ. ಟ್ಯಾಂಕಿನಲ್ಲಿ ಒಂದು ಮೀನಿಗೆ ಕಂಡರೆ ಎಲ್ಲಕ್ಕೂ ಚಿಕಿತ್ಸೆ. ಬೆನ್ನು ಬಾಗಿ, ಹೊಟ್ಟೆ ಒಳಕ್ಕೆ ಸೇದಿಹೋದ ಮೀನು ಈ ಹೊತ್ತಿಗೆ ತೀರಾ ಸೋತಿರಬಹುದು, ಅದು ಬದುಕುವ ಖಾತ್ರಿ ಯಾರೂ ಕೊಡಲಾರರು.

ಎಲ್ಲ ಹುಳುವೂ ಈ ಮಂತ್ರಕ್ಕೆ ಮಣಿಯುವುದಿಲ್ಲ ಎಂಬುದು ಇನ್ನೊಂದು ಸೋಜಿಗ. ಲಾಡಿಹುಳುವಿಗೆ ಲೆವಮಿಸೋಲ್ ಅಂದರೆ ಲೆಕ್ಕಕ್ಕಿಲ್ಲ, ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು. ಅದು ಹುಳುವಿನ ಜೀವಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿಸಿ ಮೈಯನ್ನು ಮುದುಡಿಸಿ ಚರ್ಮ ಕೆಡಿಸುತ್ತದೆ. 1970ರ ದಶಕದಿಂದ ಮನುಷ್ಯರಿಗೂ ಕೊಡುತ್ತಿರುವ ಈ ಔಷಧಿ ಹುಳುವಿನಲ್ಲಿ ಯಾವ ಬಾಗಿಲು ತೆರೆಯುತ್ತದೆಂದು ಪತ್ತೆಯಾದದ್ದು 2019ರಲ್ಲಿ! ಫೆನ್‌ಬೆಂಡಜೋಲ್ ಎಂಬ ಮೂರನೆಯದು ಜೀವಕೋಶದ ಒಳಗಿನ ಹಂದರವನ್ನೇ ಕಳಚಿ ಹುಳುವನ್ನು ನಿಧಾನಕ್ಕೆ ಉಪವಾಸ ಕೆಡವುತ್ತದೆ. ಬಸವನಹುಳು ಸಾಕಿದವರು ಅದರ ಹತ್ತಿರ ಹೋಗದಿರುವುದು ಲೇಸು, ನೆರೈಟ್ ಜಾತಿಯವು ಅದರಿಂದ ಸಾಯುತ್ತವೆ.

ಮತ್ತೆ ಲೆವಮಿಸೋಲಿಗೇ ಬರುತ್ತೇನೆ, ಅದರ ಗುಟ್ಟು ಬಯಲಾದದ್ದು ಹೇಗೆಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಣ್ಣಿನಲ್ಲಿ ಬದುಕುವ ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಹುಳುವನ್ನು ಸಿಡ್ನಿ ಬ್ರೆನರ್ ಪ್ರಯೋಗಶಾಲೆಗೆ ತಂದರು. ವಿಜ್ಞಾನಿಗಳು ಅದರ ಸಾವಿರಾರು ಮರಿಗಳ ಮೇಲೆ ಈ ಔಷಧಿ ಬಿಟ್ಟು, ಯಾರು ಸೆಟೆಯದೆ ಹರಿದಾಡುತ್ತಾರೆಂದು ಕಾದರು. ಕೆಲವು ಹರಿದಾಡಿದವು. ಅವುಗಳಲ್ಲಿ ಕೆಟ್ಟಿದ್ದ ಜೀನುಗಳನ್ನು ಒಂದೊಂದಾಗಿ ಹುಡುಕಿದಾಗ ಔಷಧಿ ತಟ್ಟುವ ಬಾಗಿಲಿನ ತುಂಡುಗಳು ಕೈಗೆ ಸಿಕ್ಕವು. ಬಾಗಿಲೇ ಇಲ್ಲದ ಮನೆಯ ಕದ ತಟ್ಟುವುದೆಲ್ಲಿಂದ? ಆದರೆ ಆ ಹುಳುಗಳ ನಡಿಗೆ ನೆಟ್ಟಗಿರಲಿಲ್ಲ, ತಾಳ ತಪ್ಪಿದಂತೆ ಹರಿಯುತ್ತಿದ್ದವು. ಕುರಿಗಳ ಹೊಟ್ಟೆಯ ಹುಳುಗಳೂ ಈಗ ಲೆವಮಿಸೋಲಿಗೆ ಜಗ್ಗದಂತಾಗಿವೆ. ಅರ್ಧ ಡೋಸ್ ಹಾಕಿ ಕೈತೊಳೆದುಕೊಂಡರೆ ಉಳಿಯುವುದು ತುಸು ಜಗ್ಗದ ಹುಳುಗಳೇ, ಆಮೇಲೆ ಮರಿ ಹಾಕುವುದೂ ಅವೇ. ಅಂಗಡಿಯಿಂದ ಹೊಸ ಗಪ್ಪಿ ತಂದಾಗ ಮೂರು ವಾರ ಬೇರೆ ತೊಟ್ಟಿಯಲ್ಲಿಡಿ, ದಿನಕ್ಕೊಮ್ಮೆ ಅದು ತಟಸ್ಥ ನಿಂತಾಗ ಹಿಂಬದಿಯನ್ನು ದಿಟ್ಟಿಸಿ. ಎಳೆ ಕಂಡರೆ ಲೀಟರಿಗೆ 2 ಮಿಲಿಗ್ರಾಂ, ಪೂರ್ತಿ 24 ಗಂಟೆ.